ಕಳ್ಳನ ಹೆಜ್ಜೆ ಮತ್ತು ಊರಿನ ಹೊಣೆ: ಕೊಪ್ಪಳ ಸೀಮೆಯ ಗ್ರಾಮರಕ್ಷಣೆಯ ವಿಚಾರ

ಮಿತಾಕ್ಷರೆಯನ್ನು ಕೈಗೆತ್ತಿಕೊಳ್ಳುವವರಲ್ಲಿ ಬಹುಮಂದಿ ದಾಯವಿಭಾಗವನ್ನು ಓದಿ ಪುಸ್ತಕವನ್ನು ಕಟ್ಟಿಡುತ್ತಾರೆ. ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಂದುದು ಆ ಭಾಗವನ್ನೇ. ನ್ಯಾಯಾಲಯಗಳಿಗೆ ಬೇಕಾಗಿದ್ದುದೂ ಅದೇ. ಪಾಠಶಾಲೆಗಳಲ್ಲಿಯೂ ಸ್ತೇಯಪ್ರಕರಣವು ಪರೀಕ್ಷೆಯ ಮುನ್ನಾದಿನ ಅವಸರದಲ್ಲಿ ಮುಗಿಯುವ ಪಾಠವಾಗಿದೆ. ಕನ್ನಡ ನಾಡಿನ ಹಳ್ಳಿಗಳು ತಮ್ಮನ್ನು ತಾವು ಹೇಗೆ ಕಾಯ್ದುಕೊಂಡವೆಂಬುದನ್ನು ತಿಳಿಯಬಯಸುವವನಿಗೆ ಈ ಪ್ರಕರಣಕ್ಕಿಂತ ಉಪಯುಕ್ತವಾದ ಸಂಸ್ಕೃತ ಗ್ರಂಥಭಾಗವು ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹಳೆಯ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು ಆ ವಿಷಯವನ್ನು ಇಲ್ಲಿ ವಿಚಾರಿಸಲಾಗುವುದು.

ವಿಜ್ಞಾನೇಶ್ವರನು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವನ್ನು ಬರೆದನು. ಅದೇ ದೊರೆಯ ದಂಡನಾಯಕನಾದ ಮಹಾದೇವನು 1112ರಲ್ಲಿ ಇಟಗಿಯಲ್ಲಿ ದೇವಾಲಯವನ್ನು ಕಟ್ಟಿಸಿದನು. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಕುಕನೂರು ತಾಲ್ಲೂಕಿನಲ್ಲಿದೆ. ಯಲಬುರ್ಗೆಯಾದರೋ ಶಾಸನಗಳ ಎರಂಬರಗೆ. ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ. ಆದುದರಿಂದ ಮಿತಾಕ್ಷರೆಯ ನಿಯಮಗಳನ್ನು ಈ ಸೀಮೆಗೆ ಹಚ್ಚಿ ನೋಡುವುದು ದೂರಾನ್ವಯವಾಗಲಾರದು. ಒಂದೇ ಪ್ರಭುತ್ವದ ನೆರಳಿನಲ್ಲಿ ಗ್ರಂಥವೂ ಊರೂ ಇದ್ದುವು.

ಸ್ಮೃತಿಯು ಹೇಳುವುದಿಷ್ಟು. ಕಳ್ಳರು ಅಪಹರಿಸಿದ ದ್ರವ್ಯವನ್ನು ಅರಸನು ಪ್ರಜೆಗೆ ಮರಳಿಸಬೇಕು. ಮರಳಿಸದಿದ್ದರೆ ಆ ಪ್ರಜೆಯ ಪಾಪವು ಅರಸನನ್ನು ಸೇರುತ್ತದೆ. ಕಳವು ಸಿಕ್ಕದೆ ಹೋದರೆ ಬೊಕ್ಕಸದಿಂದಲಾದರೂ ಕೊಡತಕ್ಕದ್ದೆಂದು ಗೌತಮಧರ್ಮಸೂತ್ರದ ವಿಧಿ. ಇದು ರಾಜಧರ್ಮ. ಆದರೆ ಅರಸನು ಹಳ್ಳಿಗೆ ದೂರ, ಹತ್ತಿರದವನ ಹೊಣೆಯೇನು? ಊರೊಳಗೆ ಕೊಲೆಯೋ ಕಳವೋ ಆದಲ್ಲಿ ದೋಷವು ಗ್ರಾಮಭರ್ತೃವಿನದು, ಎಂದರೆ ಊರೊಡೆಯನದು. ಅವನು ಕಳ್ಳನನ್ನು ಹಿಡಿದು ಅರಸನಿಗೊಪ್ಪಿಸಬೇಕು. ಆಗದಿದ್ದರೆ ಹೋದ ಧನವನ್ನು ತುಂಬಿಕೊಡಬೇಕು. ಇದರಿಂದ ಬಿಡುಗಡೆ ಹೊಂದಲು ಅವನಿಗೊಂದೇ ದಾರಿಯುಂಟು: ಕಳ್ಳನ ಹೆಜ್ಜೆ ತನ್ನ ಊರಿನಿಂದ ಹೊರಬಿದ್ದುದನ್ನು ತೋರಿಸುವುದು. ಹುಲ್ಲುಗಾವಲಿನಲ್ಲಾದರೆ ಅದರ ಒಡೆಯನೂ, ದಾರಿಯಲ್ಲಾದರೆ ಮಾರ್ಗಪಾಲನೂ ಹೊಣೆ. ಊರ ಹೊರಗೆ, ಆದರೆ ಊರಿನ ಎಲ್ಲೆಯೊಳಗೆ ಆದರೆ ಊರೆಲ್ಲ ಸೇರಿ ಕೊಡಬೇಕು. ಹೆಜ್ಜೆ ಯಾವ ಊರನ್ನು ಹೊಕ್ಕಿತೋ ಆ ಊರು ಕೊಡಬೇಕು. ಹಲವು ಊರುಗಳ ನಡುವೆ, ಕ್ರೋಶಕ್ಕಿಂತ ಆಚೆ ನಡೆದಲ್ಲಿ ಐದು ಊರುಗಳೋ ಹತ್ತು ಊರುಗಳೋ ಕೂಡಿ ಆ ನಷ್ಟವನ್ನು ಹೊರಬೇಕು.

ಇಲ್ಲಿ ಗಮನಿಸತಕ್ಕದ್ದು ‘ಪದ’ವೆಂಬ ಶಬ್ದ. ಹೆಜ್ಜೆಯ ಗುರುತು ಇಲ್ಲಿ ಬರಿಯ ಸುಳಿವಲ್ಲ. ಹೊಣೆಯನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವ ವಾಹನ. ನೆರೆಯೂರಿನವರು ಹೆಜ್ಜೆ ತಮ್ಮಲ್ಲಿಗೆ ಬಂದುದನ್ನು ಕಂಡರೆ ಅದನ್ನು ಮುಂದಕ್ಕೆ ಹಿಡಿದುಕೊಂಡು ಹೋಗುವುದರಲ್ಲಿಯೇ ಅವರ ಹಿತವಿತ್ತು. ನಿಲ್ಲಿಸಿದರೆ ಎತ್ತಿನ ಬೆಲೆ ಅವರ ತಲೆಗೆ. ಹೀಗೆ ಸ್ವಾರ್ಥವನ್ನೇ ಕಾವಲಿಗೆ ಹೂಡಿದ ಈ ನಿಯಮದ ಜಾಣತನವನ್ನು ನಮ್ಮ ವಿದ್ವಾಂಸರು ಸಾಕಷ್ಟು ಮೆಚ್ಚಿಲ್ಲ.

ಈ ಹೊಣೆಯ ಇನ್ನೊಂದು ಮುಖವು ನಮ್ಮ ವೀರಗಲ್ಲುಗಳಲ್ಲಿದೆ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಶಾಸನಗಳನ್ನು ಓದುವವರಿಗೆ ಚಿರಪರಿಚಿತ. ದನಗಳನ್ನು ಮರಳಿಸಲು ಹೋಗಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ವೀರಗಲ್ಲನ್ನು ಶೌರ್ಯದ ಸ್ಮಾರಕವೆಂದು ಮಾತ್ರ ಕಾಣುವುದು ರೂಢಿ. ನನಗಾದರೋ ಅದು ಒಂದು ಲೆಕ್ಕದ ಪತ್ರದಂತೆ ತೋರುತ್ತದೆ. ಸೊತ್ತು ಕಳೆದುಕೊಂಡವನಿಗೆ ಊರು ಹಣ ತೆರಬೇಕು. ಸೊತ್ತಿಗಾಗಿ ಪ್ರಾಣ ಕಳೆದುಕೊಂಡವನ ಮಕ್ಕಳಿಗೆ ನೆಲ ಕೊಡಬೇಕು. ಎರಡೂ ಒಂದೇ ಋಣದ ಎರಡು ಪುಟಗಳು.

ಇನ್ನು ಈ ಕೆಲಸವನ್ನು ದಿನದಿನವೂ ಮಾಡುತ್ತಿದ್ದ ತಳವಾರನ ಮಾತು. ಈ ಪದವನ್ನು ‘ಸ್ಥಲಪಾಲ’ದ ತದ್ಭವವೆಂದು ಹೇಳಲು ಸಂಸ್ಕೃತಾಭಿಮಾನಿಗೆ ಆಸೆಯಾಗುವುದು ಸಹಜ; ನನಗೂ ಒಮ್ಮೆ ಆಗಿತ್ತು. ಆದರೆ ನಾಗಾರ್ಜುನಕೊಂಡದ ಇಕ್ಷ್ವಾಕುಗಳ ಪ್ರಾಕೃತ ಶಾಸನಗಳಲ್ಲಿ ‘ಮಹಾತಲವರ’ ಎಂಬುದು ದೊಡ್ಡ ಅಧಿಕಾರಿಗಳ ಬಿರುದಾಗಿ ಬರುತ್ತದೆ. ‘ಸ್ಥಲ’ವು ಪ್ರಾಕೃತದಲ್ಲಿ ‘ಥಲ’ವಾಗಬೇಕಾದುದರಿಂದ ಆ ವ್ಯುತ್ಪತ್ತಿ ನಿಲ್ಲುವುದಿಲ್ಲ. ರಾಜಕುಲದೊಡನೆ ಸಂಬಂಧ ಬೆಳೆಸುತ್ತಿದ್ದವರ ಪದವಿಯು ಕಾಲಕ್ರಮದಲ್ಲಿ ರಾತ್ರಿ ಗಸ್ತು ತಿರುಗುವ ಊರ ಸೇವಕನ ಹೆಸರಾಯಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ತಳವಾರ ಕಾಮಿದೇವನಿದ್ದಾನೆ. ಮನೆಗಳಿಗೆ ಕನ್ನವಿಕ್ಕುತ್ತಿದ್ದು ಆಮೇಲೆ ಶರಣನಾದ ಕನ್ನದ ಮಾರಿತಂದೆಯೂ ಇದ್ದಾನೆ. ಕಾಯುವವನನ್ನೂ ಕದಿಯುವವನನ್ನೂ ಒಂದೇ ಗೋಷ್ಠಿಯಲ್ಲಿ ಕೂರಿಸಿದ ಸಾಹಿತ್ಯ ಅಪರೂಪ.

ನಿಜಾಮನ ಆಳಿಕೆಯಲ್ಲಿ ಊರಿನ ಅಧಿಕಾರವು ಹಂಚಿಹೋಯಿತು. ಕಂದಾಯಕ್ಕೆ ಮಾಲಿಪಾಟೀಲ, ಶಾಂತಿಪಾಲನೆಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಪಟವಾರಿ; ಇವರ ಕೈಕೆಳಗೆ ತಳವಾರ, ವಾಲೀಕಾರ. ಈ ಪದವಿಗಳು ಇಂದು ಮನೆತನದ ಹೆಸರುಗಳಾಗಿ ಉಳಿದಿವೆ. ಕೆಲಸ ಉಳಿಯಿತು, ತುಂಬಿಕೊಡುವ ಹೊಣೆಯು ಸಡಿಲಿತು. ಈ ಸೀಮೆಯಲ್ಲಿ ಅದಕ್ಕೆ ವಿಶೇಷವಾದ ಕಾರಣವೊಂದಿದೆ. ಅದು ಎಲ್ಲೆಗಳ ಬಾಹುಳ್ಯ.

1800ರಲ್ಲಿ ನಿಜಾಮನು ತುಂಗಭದ್ರೆಯ ದಕ್ಷಿಣದ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟನು, ಹೊಳೆಯೇ ಗಡಿಯಾಯಿತು. 1818ರಲ್ಲಿ ಪೇಶವೆಯರ ಪತನದಿಂದ ಪಡುವಲ ಧಾರವಾಡದ ನೆಲವೂ ಕಂಪನಿಯದಾಯಿತು. ಹೊರಗೆ ಹೀಗೆ ಮದರಾಸು ಮತ್ತು ಮುಂಬಯಿಯ ಎರಡು ಆಡಳಿತಗಳು, ಒಳಗೂ ಏಕತೆಯಿಲ್ಲ. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಮನೆತನದ ಜಹಗೀರು. ಗಂಗಾವತಿ, ಕುಷ್ಟಗಿಗಳು ದಿವಾನಿ ಪ್ರದೇಶ. ಗಂಗಾವತಿಯ ಮಗ್ಗುಲಲ್ಲಿ ಆನೆಗೊಂದಿ ಸಂಸ್ಥಾನ. ಇಂತಹ ನೆಲದಲ್ಲಿ ಹೆಜ್ಜೆ ಹಿಡಿದು ಹೊರಟ ತಳವಾರನು ಎಷ್ಟು ದೂರ ಹೋಗಬಲ್ಲನು? ಹೊಳೆಯ ದಂಡೆಗೆ ಬಂದರೆ ಮದರಾಸು, ಮುಂಡರಗಿಯ ಕಡೆಗೆ ತಿರುಗಿದರೆ ಮುಂಬಯಿ. ಐದು ಊರು ಕೂಡಿ ತೆರಬೇಕೆಂಬ ಸ್ಮೃತಿಯ ಮಾತು ಐದು ಊರಿಗೂ ಒಬ್ಬ ಒಡೆಯನಿದ್ದಲ್ಲಿ ಮಾತ್ರ ನಡೆಯುವಂಥದು.

ಎಲ್ಲೆಯು ಪಾಟೀಲನಿಗೆ ಅಡ್ಡಿಯಾದಂತೆ ಎಲ್ಲರಿಗೂ ಅಡ್ಡಿಯಾಗಲಿಲ್ಲ. ಮುಂಡರಗಿಯ ಭೀಮರಾಯನು ಕಂಪನಿಯ ವಿರುದ್ಧ ಎದ್ದು, ಗಡಿಯನ್ನು ದಾಟಿ ಕೊಪ್ಪಳದ ಕೋಟೆಯನ್ನು ಹಿಡಿದನು. ಕಂಪನಿಯ ಸೈನ್ಯವೂ ಗಡಿ ದಾಟಿಯೇ ಬಂದು 1858ರ ಜೂನ್ 1ರಂದು ಅವನನ್ನು ಕೊಂದಿತು. ತೊಂಬತ್ತು ವರ್ಷಗಳ ಬಳಿಕ ಅದೇ ಗಡಿಯು ಮತ್ತೊಮ್ಮೆ ಉಪಯೋಗಕ್ಕೆ ಬಂದಿತು. 1947–48ರಲ್ಲಿ ರಜಾಕಾರರ ಹಾವಳಿ ಹೆಚ್ಚಿದಾಗ ಗ್ರಾಮರಕ್ಷಣೆಯ ಹಳೆಯ ಏರ್ಪಾಡು ನಿರರ್ಥಕವಾಯಿತು. ದಾಳಿಕಾರರು ಪ್ರಭುತ್ವದ ಬೆಂಬಲವುಳ್ಳವರಾಗಿರುವಾಗ ಪೊಲೀಸ್ ಪಾಟೀಲನು ಯಾರನ್ನು ಹಿಡಿದು ಯಾರಿಗೆ ಒಪ್ಪಿಸಬೇಕು? ಕಳ್ಳನ ಹೆಜ್ಜೆ ಅರಮನೆಯನ್ನೇ ಹೊಕ್ಕರೆ ಏನು ಮಾಡಬೇಕೆಂಬುದಕ್ಕೆ ಮಿತಾಕ್ಷರೆಯಲ್ಲಿ ವಿಧಿಯಿಲ್ಲ. ಜನರು ಮುಂಬಯಿ ಪ್ರಾಂತದ ನೆಲದಲ್ಲಿ ಶಿಬಿರಗಳನ್ನು ಕಟ್ಟಿದರು: ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ನೇತೃತ್ವದಲ್ಲಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ನೇತೃತ್ವದಲ್ಲಿ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ನಡೆಯಿತು. 17ರಂದು ನಿಜಾಮನು ಶರಣಾದನು. ಸೈನ್ಯದ ದಂಡಯಾತ್ರೆಗೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಹೆಸರಿಟ್ಟುದು ರಾಜನೀತಿಯ ಚಾತುರ್ಯವಾಗಿರಬಹುದು. ಈ ಸೀಮೆಯ ಹಳ್ಳಿಗರ ಮಟ್ಟಿಗೆ ಹೆಸರು ತಪ್ಪಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ರಾತ್ರಿ ಬಾಗಿಲು ಹಾಕಿಕೊಂಡು ನಿದ್ದೆಮಾಡುವ ಸ್ಥಿತಿ.

1949ರಲ್ಲಿ ಜಹಗೀರುಗಳು ರದ್ದಾದುವು. 1956ರಲ್ಲಿ ಹೊಳೆಯ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದುವು. ಎಲ್ಲೆಗಳು ಅಳಿದುವೆನ್ನುವಷ್ಟರಲ್ಲಿ ಹೆಜ್ಜೆ ಹಿಡಿಯುವವನ ಪದವಿಯೂ ಅಳಿಯಿತು: ಗ್ರಾಮಾಧಿಕಾರಗಳ ರದ್ದಿಯಾತಿಯ 1961ರ ಶಾಸನವು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಪಾಟೀಲಿಕೆ, ತಳವಾರಿಕೆಗಳು ಮುಗಿದುವು. ಹುಟ್ಟಿನಿಂದ ಬರುವ ಚಾಕರಿಯು ಹೋದುದು ಯುಕ್ತವೇ. ಅದರಲ್ಲಿ ತಳವಾರನು ಹೊತ್ತ ಅವಮಾನವನ್ನು ಹಳತರ ಮೋಹದಿಂದ ಮರೆಯಲಾಗದು. ಮರುವರ್ಷವೇ, 1964ರಲ್ಲಿ, ಸರ್ಕಾರವು ಗ್ರಾಮರಕ್ಷಣಾ ದಳಗಳ ಶಾಸನವನ್ನು ಮಾಡಿ ಊರವರನ್ನು ಮತ್ತೆ ಕಾವಲಿಗೆ ಕರೆಯಿತು. 2017ರಲ್ಲಿ ಪೊಲೀಸ್ ಇಲಾಖೆಯು ಸುಧಾರಿತ ಬೀಟ್ ವ್ಯವಸ್ಥೆಯೆಂಬ ಹೆಸರಿನಲ್ಲಿ ಒಬ್ಬೊಬ್ಬ ಪೇದೆಗೂ ಗೊತ್ತಾದ ಪ್ರದೇಶವನ್ನು ಹಂಚಿಕೊಟ್ಟಿತು. ಇಷ್ಟು ನೆಲಕ್ಕೆ ಇಂಥವನು ಹೊಣೆಯೆಂಬ ಈ ಕ್ರಮವು ಸ್ತೇಯಪ್ರಕರಣವನ್ನು ಓದಿದವನಿಗೆ ಹೊಸದಾಗಿ ಕಾಣದು. ಆದರೆ ಆ ನೆಲದಲ್ಲಿ ಕಳುವಾದ ಎತ್ತಿನ ಬೆಲೆಯನ್ನು ಸಿಕ್ಕದ ಕಳ್ಳನ ಬದಲಿಗೆ ತೆರಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಈ ಮೂರು ಏರ್ಪಾಡುಗಳಲ್ಲಿ ಯಾವುದೂ ಎತ್ತಿಕೊಂಡಿಲ್ಲ.