ರಂಗಮಂದಿರಗಳ ನಿರ್ಮಾಣದಲ್ಲಿ ಅಗ್ನಿ ಮತ್ತು ಧ್ವನಿ: ಒಂದು ಚಾರಿತ್ರಿಕ ಅವಲೋಕನ

ಜನಸಮೂಹವು ಒಟ್ಟಾಗಿ ಕುಳಿತು ನೋಡುವ, ಕೇಳುವ ಯಾವುದೇ ಕಟ್ಟಡಕ್ಕೂ ಎರಡು ಮೂಲಭೂತ ಹೊಣೆಗಳಿವೆ. ವೇದಿಕೆಯ ಮಾತು ಕೊನೆಯ ಸಾಲಿನ ಪ್ರೇಕ್ಷಕನಿಗೂ ಸ್ಪಷ್ಟವಾಗಿ ಮುಟ್ಟಬೇಕು. ಬೆಂಕಿ ಕಾಣಿಸಿಕೊಂಡರೆ ಅದೇ ಪ್ರೇಕ್ಷಕ ಜೀವಸಹಿತ ಹೊರಬರಬೇಕು. ಇವೆರಡನ್ನೂ ಸಾಮಾನ್ಯವಾಗಿ ಬೇರೆ ಬೇರೆ ಶಾಸ್ತ್ರಗಳ ವಿಷಯವೆಂದು ಪರಿಗಣಿಸಲಾಗುತ್ತದೆ. ಆದರೆ ಎರಡೂ ಬೇಡಿಕೆಗಳು ಬೀಳುವುದು ಕಟ್ಟಡದ ಒಂದೇ ಗೋಡೆ, ಒಂದೇ ಛಾವಣಿ, ಒಂದೇ ಹೊದಿಕೆಯ ಮೇಲೆ. ಈ ಎರಡು ಶಾಸ್ತ್ರಗಳು ಎಲ್ಲಿ ಸಂಧಿಸುತ್ತವೆ, ಅವುಗಳನ್ನು ಒಟ್ಟಿಗೆ ತೂಗಿ ನೋಡದಿದ್ದಾಗ ಏನಾಯಿತು ಎಂಬುದನ್ನು ಕೆಲವು ಪ್ರಮುಖ ಘಟನೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉರಿಯದ ಕಟ್ಟಡದ ಕಲ್ಪನೆ

ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರವನ್ನು 1794ರಲ್ಲಿ ಹೊಸದಾಗಿ ಕಟ್ಟಿದಾಗ ಅದಕ್ಕೆ ಕಬ್ಬಿಣದ ಪರದೆಯನ್ನೂ ಛಾವಣಿಯ ಮೇಲೆ ನೀರಿನ ತೊಟ್ಟಿಯನ್ನೂ ಅಳವಡಿಸಲಾಗಿತ್ತು. ನಮ್ಮ ವೃತ್ತಿರಂಗಭೂಮಿಯವರು ಅಂಕದ ಪರದೆ ಎಂದು ಕರೆಯುವ ಮುಂಭಾಗದ ತೆರೆಯ ಜಾಗದಲ್ಲಿ ಲೋಹದ ತಡೆಯೊಂದನ್ನು ಇಳಿಬಿಟ್ಟರೆ ವೇದಿಕೆಯ ಬೆಂಕಿ ಪ್ರೇಕ್ಷಾಂಗಣಕ್ಕೆ ದಾಟಲಾರದು ಎಂಬುದು ಇದರ ತರ್ಕ. ಆದರೂ 1809ರ ಫೆಬ್ರವರಿಯಲ್ಲಿ ಆ ಕಟ್ಟಡ ಸುಟ್ಟುಹೋಯಿತು. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ಥಿಯೇಟರಿನಲ್ಲಿ ವೇದಿಕೆಯ ಅನಿಲ ದೀಪಗಳಿಂದ ಬೆಂಕಿ ಹೊತ್ತಿಕೊಂಡಿತು. ದೀಪಗಳು ಆರಿ ಕತ್ತಲಾಯಿತು. ಬಾಗಿಲುಗಳು ಒಳಮುಖವಾಗಿ ತೆರೆಯುವಂಥವಾಗಿದ್ದವು. ಅಧಿಕೃತ ಲೆಕ್ಕದ ಪ್ರಕಾರವೇ 384 ಮಂದಿ ಸತ್ತರು. ಕಬ್ಬಿಣದ ಪರದೆ ಕಡ್ಡಾಯವಾದುದು ಈ ದುರಂತದ ನಂತರ.

ನಮ್ಮ ನಾಡಿನಲ್ಲಿಯೂ ಇದೇ ಕಾಲದಲ್ಲಿ ಬೆಂಕಿಯು ಕಟ್ಟಡದ ಸಾಮಗ್ರಿಯನ್ನು ಬದಲಿಸಿತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹ ಸಂದರ್ಭದಲ್ಲಿ ಮೈಸೂರಿನ ಮರದ ಅರಮನೆ ಅಗ್ನಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿ 1912ರಲ್ಲಿ ಪೂರ್ಣಗೊಂಡ ಇಂದಿನ ಅರಮನೆಯಲ್ಲಿ ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣಗಳು ಪ್ರಧಾನ ಸ್ಥಾನ ಪಡೆದವು. ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು.

ಆದರೆ ಕಟ್ಟಡ ಉರಿಯದಿದ್ದರೆ ಸಾಕು, ಜನ ಉಳಿಯುತ್ತಾರೆ ಎಂಬ ನಂಬಿಕೆಯನ್ನು 1903ರ ಡಿಸೆಂಬರ್ 30 ಸುಳ್ಳಾಗಿಸಿತು. ಷಿಕಾಗೋದ ಇರೊಕ್ವಾ ರಂಗಮಂದಿರವು ಬೆಂಕಿಗೆ ಬಗ್ಗದ್ದೆಂಬ ಪ್ರಚಾರದೊಂದಿಗೆ ಆರಂಭವಾಗಿ ಆರು ವಾರವೂ ಕಳೆದಿರಲಿಲ್ಲ. ದೀಪವೊಂದರ ಕಿಡಿ ಬಟ್ಟೆಯ ಪರದೆಗೆ ತಗುಲಿತು. ಆಸ್ಬೆಸ್ಟಾಸ್ ಪರದೆ ಅರ್ಧದಲ್ಲಿಯೇ ಸಿಕ್ಕಿಕೊಂಡಿತು. ಹಲವು ನಿರ್ಗಮನ ದ್ವಾರಗಳಿಗೆ ಬೀಗವಿತ್ತು, ಕೆಲವು ಅಲಂಕಾರದ ಬಟ್ಟೆಯ ಹಿಂದೆ ಮರೆಯಾಗಿದ್ದವು. ಆರುನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕಟ್ಟಡ ಮಾತ್ರ ಉಳಿಯಿತು. ದುರಸ್ತಿಯಾಗಿ ಬೇರೆ ಹೆಸರಿನಲ್ಲಿ ಮತ್ತೆ ತೆರೆಯಿತು. ಕಟ್ಟಡದ ರಕ್ಷಣೆ ಬೇರೆ, ಅದರೊಳಗಿನವರ ರಕ್ಷಣೆ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಯಿತು.

ಧ್ವನಿಯ ಲೆಕ್ಕ

ಇದೇ ವರ್ಷಗಳಲ್ಲಿ ಸಭಾಂಗಣದ ಧ್ವನಿಯೂ ಮೊದಲ ಬಾರಿಗೆ ಲೆಕ್ಕಕ್ಕೆ ಒಳಪಟ್ಟಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ವಸ್ತುಸಂಗ್ರಹಾಲಯದಲ್ಲಿ 1895ರಲ್ಲಿ ಸಿದ್ಧವಾದ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಉಳಿದು ಮುಂದಿನ ಮಾತನ್ನು ಮುಚ್ಚಿಬಿಡುತ್ತಿತ್ತು. ಇದನ್ನು ಸರಿಪಡಿಸುವ ಹೊಣೆ ಭೌತಶಾಸ್ತ್ರದ ಯುವ ಅಧ್ಯಾಪಕ ವ್ಯಾಲೇಸ್ ಸಾಬಿನ್‌ಗೆ ಬಂದಿತು. ಅವನು ನೆರೆಯ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದೊಂದಾಗಿ ಹೆಚ್ಚಿಸುತ್ತ, ಆರ್ಗನ್ ಕೊಳವೆಯ ನಾದ ಎಷ್ಟು ಹೊತ್ತಿಗೆ ಅಡಗುತ್ತದೆ ಎಂದು ಅಳೆದನು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ಬೆಳೆಯುತ್ತದೆ, ಧ್ವನಿಯನ್ನು ಹೀರುವ ಮೈ ಹೆಚ್ಚಿದಷ್ಟೂ ಕುಗ್ಗುತ್ತದೆ ಎಂಬ ಸೂತ್ರ ಇದರಿಂದ ಲಭಿಸಿತು. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಸೂತ್ರವನ್ನು ಅನುಸರಿಸಿ ರೂಪುಗೊಂಡ ಮೊದಲ ಸಂಗೀತ ಸಭಾಂಗಣ.

ಇಲ್ಲಿಯೇ ಎರಡು ಶಾಸ್ತ್ರಗಳ ವಿರೋಧ ಅಡಗಿದೆ. ಕಲ್ಲು, ಗಾರೆ, ಕಬ್ಬಿಣ ಮುಂತಾಗಿ ಬೆಂಕಿಗೆ ಬಗ್ಗದ ಗಟ್ಟಿ ಮೈಗಳು ಧ್ವನಿಯನ್ನು ಹಿಂದಕ್ಕೆ ತಳ್ಳುತ್ತವೆ. ಧ್ವನಿಯನ್ನು ಹೀರುವಂಥವು ಮೆತ್ತೆ, ಪರದೆ, ಕಂಬಳಿಗಳಂತಹ ಹಗುರವಾದ, ರಂಧ್ರಮಯ ವಸ್ತುಗಳು. ಆ ರಂಧ್ರಗಳಲ್ಲಿನ ಗಾಳಿಯ ಘರ್ಷಣೆಯೇ ಧ್ವನಿಯನ್ನು ಅಡಗಿಸುತ್ತದೆ. ದಹ್ಯವಸ್ತುವಾದರೆ ಅದೇ ಹಗುರ ಮೈ ಬೇಗ ಕಾಯುತ್ತದೆ, ಅದೇ ರಂಧ್ರಗಳಲ್ಲಿನ ಗಾಳಿ ಉರಿಗೆ ಒದಗುತ್ತದೆ. ಸಾಬಿನ್‌ನ ಸೂತ್ರ ಹೀರುವಿಕೆಯನ್ನು ಅಳೆಯಿತು. ದಹನಶೀಲತೆಯನ್ನು ಅಳೆಯುವುದು ಅದರ ಕೆಲಸವಾಗಿರಲಿಲ್ಲ.

ಎರಡೂವರೆ ನಿಮಿಷ

1911ರ ಮೇ 9ರಂದು ಎಡಿನ್‌ಬರೋದ ಎಂಪೈರ್ ಪ್ಯಾಲೇಸ್ ರಂಗಮಂದಿರದಲ್ಲಿ ಮಾಂತ್ರಿಕ ಲಾಫಾಯೆಟ್‌ನ ಪ್ರದರ್ಶನದ ವೇಳೆ ವೇದಿಕೆಗೆ ಬೆಂಕಿ ಬಿದ್ದಿತು. ರಕ್ಷಣಾ ಪರದೆ ಇಳಿಯಿತು. ವಾದ್ಯವೃಂದವು ರಾಷ್ಟ್ರಗೀತೆಯನ್ನು ನುಡಿಸತೊಡಗಿತು. ಸುಮಾರು 3000 ಪ್ರೇಕ್ಷಕರು ಎರಡೂವರೆ ನಿಮಿಷದಲ್ಲಿ ಸುರಕ್ಷಿತವಾಗಿ ಹೊರಬಂದರೆಂದು ದಾಖಲಾಗಿದೆ. ವೇದಿಕೆಯ ಕಡೆಯಿದ್ದ ಲಾಫಾಯೆಟ್ ಮತ್ತು ಅವನ ತಂಡದ ಹಲವರು ಮಾತ್ರ ಸತ್ತರು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ನಿರ್ಮಾಣ ಮಾರ್ಗಸೂಚಿಗಳು ಬಾಗಿಲು, ಮೆಟ್ಟಿಲುಗಳ ಅಗಲವನ್ನು ನಿರ್ಧರಿಸಲು ಈ ಎರಡೂವರೆ ನಿಮಿಷವನ್ನೇ ಆಧಾರವಾಗಿ ಸ್ವೀಕರಿಸಿದವು. ಅಪಾಯದ ಅಂದಾಜು ಎಂಬ ಆಧುನಿಕ ಪರಿಕಲ್ಪನೆಯ ಬೀಜ ಇಲ್ಲಿದೆ: ಜನರು ಹೊರಬರಲು ಬೇಕಾದ ಕಾಲವು ಬೆಂಕಿ ಕೊಡುವ ಕಾಲಕ್ಕಿಂತ ಕಡಿಮೆಯಿರಬೇಕು. ಆದರೆ ಎಡಿನ್‌ಬರೋದಲ್ಲಿ ಪ್ರೇಕ್ಷಕರಿಗೂ ಬೆಂಕಿಗೂ ನಡುವೆ ಪರದೆಯಿತ್ತು. ಪ್ರೇಕ್ಷಾಂಗಣದ ಗೋಡೆಯೇ ಉರಿಯತೊಡಗಿದರೆ ಆ ಕಾಲ ದೊರೆಯುವುದಿಲ್ಲ.

ಒಂದನ್ನು ಅಡಗಿಸಿ ಇನ್ನೊಂದನ್ನು ಎಬ್ಬಿಸಿದ್ದು

ಬೆಂಕಿಯನ್ನೂ ತಡೆಯುವ, ಧ್ವನಿಯನ್ನೂ ಹೀರುವ ವಸ್ತುವಿನ ಅನ್ವೇಷಣೆಗೆ ಇಪ್ಪತ್ತನೆಯ ಶತಮಾನ ಕಂಡುಕೊಂಡ ಒಂದು ಉತ್ತರ ಸಿಂಪಡಿಸುವ ಆಸ್ಬೆಸ್ಟಾಸ್. 1930ರ ದಶಕದಿಂದ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಇದು ಎರಡೂ ಉದ್ದೇಶಗಳಿಗೆ ಬಳಕೆಯಾಯಿತು. ಎರಡು ಪರೀಕ್ಷೆಗಳಲ್ಲಿ ಗೆದ್ದ ಈ ವಸ್ತು ಮೂರನೆಯದರಲ್ಲಿ ಸೋತಿತು: ಅದರ ನಾರಿನ ಧೂಳು ಶ್ವಾಸಕೋಶಗಳಿಗೆ ಮಾರಕವಾಗಿತ್ತು. ಬ್ರಿಟನ್ 1999ರಲ್ಲಿ ಇದನ್ನು ಸಂಪೂರ್ಣವಾಗಿ ನಿಷೇಧಿಸಿತು.

ಸಂಶ್ಲೇಷಿತ ಫೋಮ್ ಇನ್ನೂ ಕ್ರೂರ ಪಾಠ ಕಲಿಸಿತು. 2003ರ ಫೆಬ್ರವರಿ 20ರಂದು ಅಮೆರಿಕದ ವೆಸ್ಟ್ ವಾರ್ವಿಕ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿಗಳು ಗೋಡೆಯ ಪಾಲಿಯುರೆಥೇನ್ ಫೋಮ್‌ಗೆ ತಗುಲಿದವು. ಗದ್ದಲದ ಬಗ್ಗೆ ನೆರೆಹೊರೆಯವರಿಂದ ಬಂದ ದೂರುಗಳ ಕಾರಣದಿಂದ ಅಂಟಿಸಿದ ಹೊದಿಕೆ ಅದು. 100 ಮಂದಿ ಸತ್ತರು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ತನಿಖೆಯು, ಸುಮಾರು 90 ಸೆಕೆಂಡುಗಳಲ್ಲಿಯೇ ಒಳಗಿನ ಸ್ಥಿತಿ ಮಾರಕವಾಯಿತೆಂದು ತೋರಿಸಿತು. ಎಡಿನ್‌ಬರೋದ 150 ಸೆಕೆಂಡುಗಳಲ್ಲಿ ಒಂದು ನಿಮಿಷವನ್ನು ಧ್ವನಿ ತಡೆಯುವ ಹೊದಿಕೆಯೇ ಕಿತ್ತುಕೊಂಡಂತಾಯಿತು. ಹತ್ತು ವರ್ಷಗಳ ನಂತರ, 2013ರ ಜನವರಿ 27ರಂದು, ಬ್ರೆಜಿಲ್‌ನ ಸಾಂಟಾ ಮರಿಯಾದ ಕಿಸ್ ನೈಟ್‌ಕ್ಲಬ್‌ನಲ್ಲಿ ಇದೇ ಬಗೆಯ ಕಿಡಿ, ಇದೇ ಉದ್ದೇಶದ ಫೋಮ್ ಸೇರಿ 242 ಜನರನ್ನು ಬಲಿ ತೆಗೆದುಕೊಂಡವು.

ನಮ್ಮ ಸಂದರ್ಭ

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು 92 ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಟ್ರಾನ್ಸ್‌ಫಾರ್ಮರಿನ ಬೆಂಕಿಯ ಹೊಗೆ ಬಾಲ್ಕನಿಗೆ ಏರಿ 59 ಮಂದಿ ಪ್ರಾಣ ಕಳೆದುಕೊಂಡರು. ಹೆಚ್ಚುವರಿ ಆಸನಗಳಿಗಾಗಿ ನಿರ್ಗಮನದ ದಾರಿಯೊಂದು ಮುಚ್ಚಿಹೋಗಿತ್ತು. ಈ ಎರಡೂ ಘಟನೆಗಳಲ್ಲಿ ಧ್ವನಿಹೀರಕಗಳ ಪಾತ್ರವಿರಲಿಲ್ಲ. ಆದರೆ ಮೂಲ ಕಾರಣದಲ್ಲಿ ಸಾಮ್ಯವಿದೆ: ಬಿಸಿಲಿಗೆ ತಡೆಯಾದ ಬಟ್ಟೆಯೇ ಉರುವಲಾಯಿತು, ಆಸನದ ಲಾಭಕ್ಕಾಗಿ ದಾರಿ ಬಲಿಯಾಯಿತು. ಒಂದು ಅಗತ್ಯವನ್ನು ಪೂರೈಸುವಾಗ ಇನ್ನೊಂದರ ಮೇಲೆ ಬೀಳುವ ಭಾರವನ್ನು ಯಾರೂ ತೂಗಿರಲಿಲ್ಲ.

1970ರಲ್ಲಿ ಮೊದಲು ಪ್ರಕಟವಾದ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ತನ್ನ 2016ರ ಆವೃತ್ತಿಯಲ್ಲಿ ಅಗ್ನಿ ಮತ್ತು ಜೀವರಕ್ಷಣೆಯನ್ನು ನಾಲ್ಕನೆಯ ಭಾಗದಲ್ಲಿಯೂ ಧ್ವನಿವ್ಯವಸ್ಥೆಯನ್ನು ಎಂಟನೆಯ ಭಾಗದಲ್ಲಿಯೂ ಇರಿಸಿತು. ವಿಂಗಡಣೆ ಶಾಸ್ತ್ರೀಯವಾಗಿ ಅನಿವಾರ್ಯವೇ. ಆದರೆ ಗೋಡೆಗೆ ವಿಂಗಡಣೆಯಿಲ್ಲ. ಸಭಾಂಗಣವೊಂದಕ್ಕೆ ಹೊದಿಕೆಯನ್ನು ಆರಿಸುವಾಗ ಅದು ಎಷ್ಟು ಧ್ವನಿಯನ್ನು ಹೀರುತ್ತದೆ ಎಂಬ ಪ್ರಶ್ನೆಯ ಜೊತೆಗೆ, ಅದು ಹೊತ್ತಿದರೆ ಕೊನೆಯ ಸಾಲಿನವರಿಗೆ ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಯನ್ನೂ ಅದೇ ಮೇಜಿನ ಮುಂದೆ ಕೇಳಬೇಕು. ಖನಿಜ ಉಣ್ಣೆಯಂತಹ ಸುಲಭವಾಗಿ ಉರಿಯದ ಧ್ವನಿಹೀರಕಗಳು ಲಭ್ಯವಿರುವ ಈ ಕಾಲದಲ್ಲಿ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ದೊರೆಯುವುದು ಅಸಾಧ್ಯವೇನಲ್ಲ. ಮೇಲೆ ಕಂಡ ನಿಯಮಗಳಲ್ಲಿ ಹಲವು ಸಾವುಗಳ ನಂತರ ಬಂದವು. ಮುಂದಿನ ನಿಯಮವಾದರೂ ಸಾವಿಗಿಂತ ಮೊದಲೇ ಬರಬೇಕಾದರೆ ಚರಿತ್ರೆಯ ಈ ಪುಟಗಳನ್ನು ವಾಸ್ತುಶಿಲ್ಪಿಯೂ ಧ್ವನಿತಜ್ಞನೂ ಅಗ್ನಿಶಾಮಕ ಅಧಿಕಾರಿಯೂ ಒಟ್ಟಿಗೆ ಓದುವುದು ಅಗತ್ಯ.