ಜಿನೀವಾದ ಸಭೆ, ಆಟಪಾಡಿಯ ಹೊಲ

1955ರ ಆಗಸ್ಟ್ 22ರಿಂದ ಸೆಪ್ಟೆಂಬರ್ 3ರ ತನಕ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಒಂದು ದೊಡ್ಡ ಸಭೆ ನಡೆಯಿತು. ಅಪರಾಧವನ್ನು ತಡೆಯುವುದು ಹೇಗೆ, ಅಪರಾಧ ಮಾಡಿದವರನ್ನು ನಡೆಸಿಕೊಳ್ಳುವುದು ಹೇಗೆ ಎಂಬುದೇ ಅದರ ವಿಷಯ. ಈ ವಿಷಯದ ಮೇಲೆ ವಿಶ್ವಸಂಸ್ಥೆ ಕರೆದ ಮೊದಲ ಮಹಾಸಭೆ ಅದು. ದೇಶ ದೇಶಗಳ ನಿಯೋಗಗಳು ಬಂದಿದ್ದವು. ಸರ್ಕಾರದ ಪ್ರತಿನಿಧಿಗಳ ಜೊತೆ ಸಂಘ ಸಂಸ್ಥೆಗಳವರೂ ಸ್ವಂತ ಹೆಸರಿನಲ್ಲಿ ಬಂದ ತಜ್ಞರೂ ಇದ್ದರು. ಕೈದಿಗಳ ಊಟ, ಬಟ್ಟೆ, ಹಾಸಿಗೆ, ವೈದ್ಯಕೀಯ, ಶಿಕ್ಷೆಗಳ ಬಗ್ಗೆ ಕನಿಷ್ಠ ನಿಯಮಗಳನ್ನು ಅವರು ಒಪ್ಪಿದರು. ಅದರ ಜೊತೆಗೇ ಇನ್ನೊಂದು ಶಿಫಾರಸನ್ನೂ ಒಪ್ಪಿದರು. ಎತ್ತರದ ಗೋಡೆ, ಬೀಗ, ಬಂದೂಕಿನ ಕಾವಲು ಇಲ್ಲದೆ ಕೈದಿಯ ಮಾತಿನ ಮೇಲೆ ನಂಬಿಕೆಯಿಟ್ಟು ನಡೆಸುವ ಬಯಲು ಬಂದೀಖಾನೆಗಳನ್ನು ಹೆಚ್ಚಿಸಬೇಕು ಎಂಬುದೇ ಆ ಶಿಫಾರಸು.

ಜಗತ್ತಿಗೆ ಇದು ಹೊಸ ಮಾತಿನಂತೆ ಕೇಳಿಸಿರಬಹುದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮ್ಮ ಸೀಮೆಗೆ ಇದು ಹಳೆಯ ಸಂಗತಿ. ಅಥಣಿಯಿಂದ ಜತ್ತ ದಾಟಿ ಸುಮಾರು ನೂರು ಕಿಲೋಮೀಟರು ಹೋದರೆ ಆಟಪಾಡಿ ಸಿಗುತ್ತದೆ. ಅಲ್ಲಿ 1939ರಲ್ಲೇ, ಅಂದರೆ ಜಿನೀವಾ ಸಭೆಗೆ ಹದಿನಾರು ವರ್ಷ ಮೊದಲೇ, ಗೋಡೆಯಿಲ್ಲದ ಸೆರೆಮನೆ ಶುರುವಾಗಿತ್ತು. ವಿಚಿತ್ರವೆಂದರೆ ಅದೇ ಕಾಲದಲ್ಲಿ ಇದೇ ಸೀಮೆಯ ಆಸುಪಾಸಿನಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರಯೋಗವೂ ನಡೆಯುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ನ್ಯಾಯದ ಬಗ್ಗೆ ಸೇರುವ ಸಭೆಗಳಲ್ಲಿ ಯಾರು ಕೂಡುತ್ತಾರೆ, ಯಾರು ಕೂಡುವುದಿಲ್ಲ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಇಂಥ ಸಭೆಗಳ ಪರಂಪರೆ ವಿಶ್ವಸಂಸ್ಥೆಗಿಂತ ಹಳೆಯದು. 1872ರಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬಂದೀಖಾನೆ ಸಮ್ಮೇಳನ ಸೇರಿತು. ಮುಂದೆ ಕೆಲವು ವರ್ಷಗಳಿಗೊಮ್ಮೆ ಒಂದೊಂದು ನಗರದಲ್ಲಿ ಸೇರುತ್ತ ಹೋಯಿತು. ಸಭೆ ಸೇರಿದ ಮಾತ್ರಕ್ಕೆ ನ್ಯಾಯ ಸಿಗುತ್ತದೆಂದು ಯಾರೂ ಭಾವಿಸಬೇಕಿಲ್ಲ. 1935ರ ಸಮ್ಮೇಳನ ಹಿಟ್ಲರನ ಬರ್ಲಿನ್ನಿನಲ್ಲಿ ನಡೆಯಿತು. ಸಭಾಂಗಣದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಜರ್ಮನರೇ ಇದ್ದರು. ಅಪರಾಧಿಗಳ ಸಂತಾನಶಕ್ತಿಯನ್ನು ಬಲವಂತದಿಂದ ಕಿತ್ತುಕೊಳ್ಳುವ ಕ್ರಮಕ್ಕೂ ಅಲ್ಲಿ ಒಪ್ಪಿಗೆಯ ಮುದ್ರೆ ಬಿತ್ತು. ಕೈ ಎತ್ತಿದವರ ಎಣಿಕೆ ಹೆಚ್ಚಿದ್ದರೆ ಅನ್ಯಾಯವೂ ನಿರ್ಣಯವಾಗಬಲ್ಲದು. 1950ರಲ್ಲಿ ಹೇಗ್ ನಗರದಲ್ಲಿ ಈ ಸಮ್ಮೇಳನದ ಕೊನೆಯ ಅಧಿವೇಶನ ನಡೆದು, ಹೊಣೆ ವಿಶ್ವಸಂಸ್ಥೆಗೆ ದಾಟಿತು. ಐದು ವರ್ಷಕ್ಕೊಮ್ಮೆ ಸೇರಬೇಕೆಂಬ ಪದ್ಧತಿ ಅಲ್ಲಿಂದ ಬಂತು.

ಇನ್ನು ನಮ್ಮ ಸೀಮೆಯ ಅಂದಿನ ನಕ್ಷೆಯನ್ನು ನೋಡೋಣ. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳು. ನಿಪ್ಪಾಣಿ ಚಿಕ್ಕೋಡಿಗೆ ಸೇರಿತ್ತು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಸುತ್ತ ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ, ಜತ್ತ ಸಂಸ್ಥಾನಗಳ ತುಂಡು ತುಂಡು ಗಡಿಗಳು. ಒಂದು ಊರಿನ ಫೌಜದಾರನ ಅಧಿಕಾರ ಹೊಲದ ಬದುವಿಗೇ ಮುಗಿಯುತ್ತಿತ್ತು. ಕಳ್ಳ ಹಳ್ಳ ದಾಟಿದರೆ ಬೇರೆ ರಾಜ್ಯ, ಬೇರೆ ಅದಾಲತ್ತು. ಕಾನೂನು ಹೀಗೆ ಊರಿಂದೂರಿಗೆ ಬದಲಾಗುತ್ತಿದ್ದುದರಿಂದ, ಅಪರಾಧಕ್ಕೆ ಏನು ಮದ್ದು ಎಂಬ ಪ್ರಶ್ನೆಗೂ ಪಕ್ಕಪಕ್ಕದಲ್ಲೇ ಬೇರೆ ಬೇರೆ ಉತ್ತರಗಳು ಹುಟ್ಟಿದವು.

ಬ್ರಿಟಿಷರ ಉತ್ತರ ಕಾನೂನಿನ ಪುಸ್ತಕದಲ್ಲಿತ್ತು. 1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿತು. ಒಂದು ಜಾತಿಯಲ್ಲಿ ಹುಟ್ಟಿದ್ದೇ ಅನುಮಾನಕ್ಕೆ ಸಾಕು. ಹೆಸರು ದಾಖಲು, ಬೆರಳಚ್ಚು, ದಿನದಿನದ ಹಾಜರಿ, ಊರು ಬಿಡಲು ಪಾಸು. ಮುಂಬಯಿ ಪ್ರಾಂತದಲ್ಲಿ ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ ಬಿಜಾಪುರದಿಂದ ಶುರುಮಾಡಿ ಇಂಥವರನ್ನು ಒಂದೆಡೆ ಕೂಡಿಹಾಕುವ ವಸಾಹತುಗಳನ್ನು ಕಟ್ಟಿಸಿದ. ಹುಬ್ಬಳ್ಳಿ, ಗದಗಗಳಲ್ಲಿ ಆ ಜಾಗಗಳಿಗೆ ಜನ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಗಂಟಿಚೋರ, ಕೊರವ, ಹರಣಶಿಕಾರಿ ಕುಟುಂಬಗಳು ತಂತಿಬೇಲಿಯೊಳಗೆ ಬಂದವು. ಬೆಳಿಗ್ಗೆ ಎಣಿಸಿ ಗಿರಣಿಗೆ ಕಳಿಸುವುದು, ಸಂಜೆ ಎಣಿಸಿ ಒಳಗೆ ಸೇರಿಸಿಕೊಳ್ಳುವುದು. ಅಧಿಕಾರಿಗಳು ಇದನ್ನು ಪ್ರಾಮಾಣಿಕವಾಗಿಯೇ ಸುಧಾರಣೆ ಎಂದು ನಂಬಿದ್ದರು. ಒಳಗೆ ಶಾಲೆಯಿತ್ತು, ಕೆಲಸವಿತ್ತು. ಇರದಿದ್ದುದು ಒಂದೇ: ಯಾವ ತಪ್ಪಿಗೆ ಈ ಶಿಕ್ಷೆ ಎಂದು ಕೇಳುವ ಹಕ್ಕು.

ಗಡಿಯಾಚೆ ಬೇರೆ ಗಾಳಿ ಬೀಸುತ್ತಿತ್ತು. ಕೊಲ್ಹಾಪುರದ ಶಾಹು ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಈ ಹಾಜರಿ ಪದ್ಧತಿಯನ್ನೇ ರದ್ದು ಮಾಡಿದರು. ಫಾಸೆ ಪಾರ್ಧಿಗಳನ್ನು ಕರೆದು ಕಾವಲಿನ ಕೆಲಸಕ್ಕೆ ಇಟ್ಟುಕೊಂಡರು. ಕಳ್ಳರೆಂದು ಊರು ದೂರವಿಟ್ಟವರ ಕೈಗೇ ರಾಜ ಕಾವಲನ್ನು ಕೊಟ್ಟ. ರಾಯಬಾಗ ಅವರ ಆಳ್ವಿಕೆಯಲ್ಲಿತ್ತು, ಪಕ್ಕದ ಚಿಕ್ಕೋಡಿ ಬ್ರಿಟಿಷರದ್ದು. ಒಂದೇ ಭಾಷೆ, ಒಂದೇ ಸಂತೆ, ಒಂದೇ ಜನ. ಗಡಿಕಲ್ಲಿನ ಯಾವ ಬದಿಯಲ್ಲಿ ಗುಡಿಸಲಿದೆ ಎಂಬುದರ ಮೇಲೆ ಮನುಷ್ಯನ ಮರ್ಯಾದೆ ನಿಂತಿತ್ತು.

1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ದಲಿತ ವರ್ಗಗಳ ಮುಂಬಯಿ ಪ್ರಾಂತೀಯ ಪರಿಷತ್ತು ನಡೆದಾಗ ಡಾ. ಅಂಬೇಡ್ಕರ್ ಅದರ ಅಧ್ಯಕ್ಷತೆ ವಹಿಸಿದ್ದರು. ಮೂರು ವರ್ಷದ ನಂತರ, 1928ರಲ್ಲಿ, ಮುಂಬಯಿ ಸರ್ಕಾರ ದಲಿತರು ಮತ್ತು ಬುಡಕಟ್ಟುಗಳ ಸ್ಥಿತಿಗತಿ ನೋಡಲು ಸಮಿತಿ ಮಾಡಿತು. ಅಧ್ಯಕ್ಷ ಅದೇ ಸ್ಟಾರ್ಟೆ, ಸದಸ್ಯರಲ್ಲಿ ಒಬ್ಬರು ಅಂಬೇಡ್ಕರ್. ವಸಾಹತು ಕಟ್ಟಿದವನೂ ಬೇಲಿಯ ಹೊರಗೆ ನಿಲ್ಲಿಸಲ್ಪಟ್ಟ ಸಮುದಾಯದಿಂದ ಬಂದವರೂ ಒಂದೇ ಮೇಜಿಗೆ ಕೂತರು. 1930ರಲ್ಲಿ ಅಂಬೇಡ್ಕರ್ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೂ ಹೋದರು. ನಮ್ಮ ಪರವಾಗಿ ಬೇರೆಯವರು ಮಾತಾಡಿದರೆ ಸಾಲದು, ನಾವೇ ಮಾತಾಡಬೇಕು ಎಂಬ ಹೋರಾಟದ ತಿರುಳು ಅದೇ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಅಂಥ ಮೇಜಿನ ಬಳಿ ಕುರ್ಚಿ ಸಿಗಲಿಲ್ಲ.

ಈಗ ಆಟಪಾಡಿಗೆ ಬರೋಣ. ಆಟಪಾಡಿ ಔಂಧ್ ಎಂಬ ಪುಟ್ಟ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಅರಸ ಭವಾನರಾವ್ ಪಂತ ಪ್ರತಿನಿಧಿ. ಮನೆತನದ ಬಿರುದೇ ‘ಪ್ರತಿನಿಧಿ’! 1939ರ ಜನವರಿಯಲ್ಲಿ ಈ ಅರಸ ಗಾಂಧೀಜಿಯವರ ಸಲಹೆ ಪಡೆದು ತನ್ನ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಡುವ ಸಂವಿಧಾನವನ್ನು ಜಾರಿಗೆ ತಂದ. ಈ ಕೆಲಸದಲ್ಲಿ ಅರಸನ ಮಗ ಅಪ್ಪಾ ಪಂತ್ ಜೊತೆಗೆ ನಿಂತವನು ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಯಹೂದಿ ಇಂಜಿನಿಯರ್. ಇವನನ್ನು ಭಾರತಕ್ಕೆ ಕರೆತಂದವರು ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆ ಕಟ್ಟಲೆಂದು ಬಂದ ಮನುಷ್ಯ ಕಾವಿ ಉಟ್ಟು ಭಾರತಾನಂದನಾದ. ಒಬ್ಬ ಮುಸ್ಲಿಂ ದಿವಾನ ಕರೆಸಿದ ಯಹೂದಿ ಇಂಜಿನಿಯರ್ ಒಬ್ಬ ಹಿಂದೂ ಅರಸನ ಕೈದಿಗಳಿಗೆ ದಾರಿ ತೋರಿಸಿದ ಕಥೆ ನಮ್ಮ ನೆಲದ್ದು ಎಂಬುದನ್ನು ಇಂದಿನ ದಿನಗಳಲ್ಲಿ ನೆನೆಯಬೇಕು.

ಫ್ರೀಡ್‌ಮನ್‌ನ ಒತ್ತಾಸೆಯಿಂದ ಆಟಪಾಡಿಯ ಹತ್ತಿರ ಕೈದಿಗಳ ವಸಾಹತು ಹುಟ್ಟಿತು. ಸ್ವತಂತ್ರಪುರ ಎಂದು ಹೆಸರಿಟ್ಟರು. ಘೋರ ಅಪರಾಧಕ್ಕೆ ಶಿಕ್ಷೆಯಾದವರೇ ಅಲ್ಲಿ ನೇಗಿಲು ಹಿಡಿದರು. ಮಳೆ ಕಡಿಮೆಯ ಆ ಬರಡು ನೆಲದಲ್ಲಿ ಬೇಸಾಯ ಮಾಡಿದರು. ಹೆಂಡತಿ ಮಕ್ಕಳನ್ನು ಜೊತೆಗೆ ಇಟ್ಟುಕೊಳ್ಳಲು ಅವಕಾಶವಿತ್ತು. ಓಡಿಹೋಗಲು ಗೋಡೆ ಹಾರಬೇಕಿರಲಿಲ್ಲ, ಆದರೆ ಓಡಿಹೋದರೆ ನಂಬಿದವರ ನಂಬಿಕೆ ಮುರಿಯುತ್ತಿತ್ತು. ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿ ಯಾವ ತಪ್ಪೂ ರುಜುವಾತಾಗದ ಕೂಸು ಬೇಲಿಯೊಳಗೆ ಹುಟ್ಟುತ್ತಿದ್ದಾಗ, ಆಟಪಾಡಿಯಲ್ಲಿ ತಪ್ಪು ರುಜುವಾತಾದ ಮನುಷ್ಯ ಬೇಲಿಯಿಲ್ಲದ ಹೊಲದಲ್ಲಿ ಬಿತ್ತುತ್ತಿದ್ದ. ಒಂದೆಡೆ ಜಾತಿಯನ್ನು ನೋಡಿ ಮನುಷ್ಯನನ್ನು ಅಳೆದರು. ಇನ್ನೊಂದೆಡೆ ಮನುಷ್ಯನನ್ನೇ ನೋಡಿದರು.

ಕೊಲ್ಹಾಪುರದ ವಿ. ಶಾಂತಾರಾಮ್ 1957ರಲ್ಲಿ ತೆಗೆದ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆ ಇದೇ ಸ್ವತಂತ್ರಪುರ. ಕಥೆ ಬರೆದ ಗ. ದಿ. ಮಾಡಗೂಳಕರ್ ಆ ಸೀಮೆಯವರೇ. 1958ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಬೆಳ್ಳಿ ಕರಡಿ ಪ್ರಶಸ್ತಿ ಬಂತು. ಅಪರಾಧಿಗಳ ಮೇಲೆ ಕತ್ತಿ ಹಿರಿದ 1935ರ ಸಮ್ಮೇಳನ ಸೇರಿದ್ದ ನಗರವೇ ಅದು. ಸಿನಿಮಾದ ಪ್ರಾರ್ಥನಾ ಗೀತೆಯನ್ನು ಎಷ್ಟೋ ಶಾಲೆಗಳಲ್ಲಿ ಮಕ್ಕಳು ಹಾಡಿದ್ದಾರೆ. ಅದು ಕೈದಿಗಳ ಹಾಡು, ನಮ್ಮ ಪಕ್ಕದ ಊರಿನ ಹೊಲದಿಂದ ಹುಟ್ಟಿದ ಕಥೆಯ ಹಾಡು ಎಂದು ಎಷ್ಟು ಜನ ಬಲ್ಲರು?

ಔಂಧ್ 1948ರ ಮಾರ್ಚ್‌ನಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಜಿನೀವಾದಲ್ಲಿ ಬಯಲು ಬಂದೀಖಾನೆಯ ಚರ್ಚೆ ನಡೆದಾಗ ಅದನ್ನು ಮಾಡಿ ತೋರಿಸಿದ ಸಂಸ್ಥಾನವೇ ಇರಲಿಲ್ಲ. ಅದಕ್ಕೂ ಮೊದಲು 1954ರಲ್ಲಿ ರಂಗೂನಿನಲ್ಲಿ ಏಷ್ಯಾದ ದೇಶಗಳು ಸೇರಿ ಇದೇ ವಿಷಯಗಳನ್ನು ಚರ್ಚಿಸಿದ್ದವು. ಭಾರತದ ಜೈಲುಗಳನ್ನು ಅಧ್ಯಯನ ಮಾಡಲು 1951ರಲ್ಲಿ ವಿಶ್ವಸಂಸ್ಥೆಯಿಂದ ವಾಲ್ಟರ್ ರೆಕ್ಲೆಸ್ ಎಂಬ ಅಮೆರಿಕದ ವಿದ್ವಾಂಸ ಬಂದು ವರದಿ ಬರೆದರು. ಅಪರಾಧಿ ಬುಡಕಟ್ಟು ಎಂಬ ಹಣೆಪಟ್ಟಿ 1952ರ ಆಗಸ್ಟ್ 31ರಂದು ಕಾನೂನಿನಿಂದ ಹೋಯಿತು. ಆದರೆ ‘ರೂಢಿಗತ ಅಪರಾಧಿ’ ಎಂಬ ಇನ್ನೊಂದು ಪಟ್ಟಿ ಅದರ ಜಾಗಕ್ಕೆ ಬಂತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಗಿ ಅಥಣಿ, ಚಿಕ್ಕೋಡಿ ಮೈಸೂರು ರಾಜ್ಯಕ್ಕೆ ಬಂದವು, ಆಟಪಾಡಿ ಆಚೆ ಉಳಿಯಿತು. ಗಡಿಯ ಜೊತೆ ನೆನಪೂ ಹರಿದುಹೋಯಿತು.

ಐದು ವರ್ಷಕ್ಕೊಮ್ಮೆಯ ಸಭೆಗಳು ನಿಂತಿಲ್ಲ. ಲಂಡನ್, ಸ್ಟಾಕ್‌ಹೋಮ್, ಕ್ಯೋಟೋ, ಕರಾಕಸ್, ಮಿಲಾನ್, ಹವಾನಾ, ಕೈರೋ, ಬ್ಯಾಂಕಾಕ್, ದೋಹಾ ಎಂದು ಸುತ್ತಿ, ಕೊರೊನಾದಿಂದ ಒಂದು ವರ್ಷ ತಡವಾಗಿ 2021ರ ಮಾರ್ಚ್‌ನಲ್ಲಿ ಮತ್ತೆ ಕ್ಯೋಟೋದಲ್ಲಿ ಸೇರಿದವು. ಇವು ವ್ಯರ್ಥವೆಂದು ಹೇಳಲಾಗದು. ಜಿನೀವಾದ ಕನಿಷ್ಠ ನಿಯಮಗಳನ್ನೇ ಪರಿಷ್ಕರಿಸಿ 2015ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಇಪ್ಪತ್ತೇಳು ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾರ ಹೆಸರಿಟ್ಟಿತು. ಸತತ 15 ದಿನಕ್ಕಿಂತ ಹೆಚ್ಚು ಕಾಲ ಯಾರನ್ನೂ ಏಕಾಂತ ಕೋಣೆಯಲ್ಲಿ ಇಡಕೂಡದು ಎಂಬ ನಿಯಮ ಅದರಲ್ಲಿದೆ. ನಮ್ಮಲ್ಲೂ 1980ರಿಂದ 83ರವರೆಗೆ ಜೈಲು ಸುಧಾರಣಾ ಸಮಿತಿಯ ನೇತೃತ್ವ ವಹಿಸಿದವರು ನ್ಯಾಯಮೂರ್ತಿ ಆನಂದ ನಾರಾಯಣ ಮುಲ್ಲಾ. ಹೆಸರು ಕೇಳಿ ಕೆಲವರು ಮೋಸಹೋಗುತ್ತಾರೆ. ಅವರು ಕಾಶ್ಮೀರಿ ಪಂಡಿತರು, ಉರ್ದುವಿನ ದೊಡ್ಡ ಕವಿ. ಕೈದಿ ಶಿಕ್ಷೆಗೆ ಒಳಗಾದ ಮೇಲೂ ಮನುಷ್ಯನೇ ಎಂಬುದು ಅವರ ವರದಿಯ ಜೀವಾಳ.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಇನ್ನೊಂದು ಹಳೆಯ ಗಾಯಕ್ಕೆ ಕೈ ಹಾಕಿತು. ಜೈಲಿನೊಳಗೆ ಜಾತಿ ನೋಡಿ ಕಸ ಗುಡಿಸುವ, ಅಡುಗೆ ಮಾಡುವ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಕಾಣುವ ಜೈಲು ಕೈಪಿಡಿಗಳನ್ನು ತಿದ್ದಲು ಹೇಳಿತು. ಸೆಟ್ಲಮೆಂಟಿನ ತಂತಿಬೇಲಿ ಕಿತ್ತು ಎಪ್ಪತ್ತು ವರ್ಷವಾದರೂ ಅದರ ಮುಳ್ಳು ಕಾಗದದಲ್ಲಿ ಉಳಿದಿತ್ತು.

2022ರ ಕೊನೆಗೆ ಭಾರತದ ಜೈಲುಗಳಲ್ಲಿ 5,73,220 ಜನರಿದ್ದರು. ಜಾಗವಿದ್ದುದು 4,36,266 ಜನರಿಗೆ. ಒಳಗಿದ್ದವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನೂರರಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಜನರ ಖಟ್ಲೆ ಇನ್ನೂ ಮುಗಿದಿರಲಿಲ್ಲ. ಇವರಲ್ಲಿ ದಲಿತರು, ಆದಿವಾಸಿಗಳು, ಮುಸ್ಲಿಮರ ಪಾಲು ಜನಸಂಖ್ಯೆಯಲ್ಲಿನ ಅವರ ಪಾಲಿಗಿಂತ ಹೆಚ್ಚು. ಜಾಮೀನಿಗೆ ಉತಾರ ಕೊಡುವ ಹೊಲವಿಲ್ಲ, ವಕೀಲರಿಗೆ ಕೊಡಲು ಹಣವಿಲ್ಲ, ಹಿಂಡಲಗಾ ಜೈಲಿನ ತನಕ ಭೇಟಿಗೆ ಹೋಗಿಬರಲು ಮನೆಯವರಿಗೆ ಒಂದು ದಿನದ ಕೂಲಿ ಬಿಡಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಅವರನ್ನು ಬಿಡುಗಡೆ ಮಾಡಬೇಕು. ಮರಣದಂಡನೆ, ಜೀವಾವಧಿಯಂಥ ಆರೋಪಗಳಿಗೆ, ಹಲವು ಖಟ್ಲೆ ಇರುವವರಿಗೆ ಇದು ಅನ್ವಯಿಸದು. ಅರ್ಜಿ ಹಾಕುವ ಹೊಣೆ ಜೈಲಿನ ಅಧಿಕಾರಿಯದ್ದು. ಈ ಮಾತು ಎಷ್ಟು ಮನೆಗಳಿಗೆ ತಲುಪಿದೆ?

ಸ್ವತಂತ್ರಪುರ ಮಹಾರಾಷ್ಟ್ರದ ಬಂದೀಖಾನೆ ಇಲಾಖೆಯ ಕೆಳಗೆ ಉಳಿದುಕೊಂಡಿತು. ರಾಜಸ್ಥಾನ, ಮಹಾರಾಷ್ಟ್ರಗಳು ಬಯಲು ಬಂದೀಖಾನೆಗಳನ್ನು ಹೆಚ್ಚಿಸಿಕೊಂಡಿವೆ. ಕರ್ನಾಟಕಕ್ಕೆ ಇರುವುದು ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದ್ದು. ಕೃಷ್ಣೆ, ದೂಧಗಂಗೆ ಹರಿಯುವ, ಕಬ್ಬು ತಂಬಾಕು ಬೆಳೆಯುವ, ಒಕ್ಕಲುತನ ಬಲ್ಲ ನಮ್ಮ ಈ ಸೀಮೆಯಲ್ಲಿ ಅಂಥದ್ದೊಂದು ಯಾಕಿರಬಾರದು ಎಂದು ನಮ್ಮ ಶಾಸಕರನ್ನು ಕೇಳುವುದು ತಪ್ಪಲ್ಲ.

ಮುಂದಿನ ಸಭೆಗಳಿಗೂ ದೇಶದ ನಿಯೋಗ ಹೋಗುತ್ತದೆ, ಘೋಷಣೆಗಳಿಗೆ ಒಪ್ಪಿಗೆ ಕೊಟ್ಟು ಬರುತ್ತದೆ. ಹೋಗಲಿ. ಆದರೆ ಆ ನಿಯೋಗದಲ್ಲಿ ಸೆಟ್ಲಮೆಂಟಿನಲ್ಲಿ ಹುಟ್ಟಿದವರ ಮೊಮ್ಮಗಳೊಬ್ಬಳು, ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಒಳಗಿದ್ದು ನಿರ್ದೋಷಿಯಾಗಿ ಹೊರಬಂದ ಹುಡುಗನೊಬ್ಬ ಇರುವ ತನಕ ಇನ್ಸಾಫಿನ ಮಾತು ಅರ್ಧವೇ. ಕೈದಿಯ ಮೇಲೆ ನಂಬಿಕೆಯಿಡಲು ಔಂಧಿನ ಅರಸನಿಗೆ ಯಾವ ಅಂತಾರಾಷ್ಟ್ರೀಯ ನಿರ್ಣಯವೂ ಬೇಕಾಗಲಿಲ್ಲ. ನಮ್ಮ ಬಳಿ ಈಗ ನಿರ್ಣಯಗಳಿಗೇನೂ ಕೊರತೆಯಿಲ್ಲ.