ಐದು ದಿನದ ಬಾಸ್ಕೆಟ್‌ಬಾಲ್, ಎಪ್ಪತ್ತು ವರ್ಷದ ರಾಜಕೀಯ: ಎಸಿಸಿ ಟೂರ್ನಿಯ ಒಳಹೊರಗು

2024ರ ಮಾರ್ಚ್ 17, ಭಾನುವಾರ ಬೆಳಗ್ಗೆ. ಅಮೆರಿಕದಲ್ಲಿ ಆಗಿನ್ನೂ ಶನಿವಾರ ರಾತ್ರಿ. ಉತ್ತರ ಕೆರೊಲಿನಾದ ರಾಲೀಯಲ್ಲಿ ಎಂ.ಎಸ್. ಓದುತ್ತಿದ್ದ ಗೆಳೆಯ ಫೋನ್ ಮಾಡಿ, "ಏಳೋ, ನಮ್ಮ ಕಾಲೇಜು ಫೈನಲ್ ಆಡ್ತಿದೆ" ಅಂದ. ನಿದ್ದೆಗಣ್ಣಲ್ಲೇ ನೋಡಿದೆ. ನಾರ್ತ್ ಕೆರೊಲಿನಾ ಸ್ಟೇಟ್ ತಂಡ ಪಕ್ಕದೂರಿನ ಬದ್ಧ ಎದುರಾಳಿ ಯುನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾವನ್ನು 84–76ರಿಂದ ಸೋಲಿಸಿತು. ಐದು ದಿನದಲ್ಲಿ ಐದನೇ ಗೆಲುವು. ಫೋನಿನ ಆ ಕಡೆ ಇವನು ಅಳ್ತಾ ಇದ್ದ. ಒಂದು ಕಾಲೇಜು ಮ್ಯಾಚಿಗೆ ಇಷ್ಟೊಂದಾ ಅಂತ ಶುರುವಾದ ನನ್ನ ಕುತೂಹಲ ಕೊನೆಗೆ ಹಣ, ಜನಾಂಗ, ಲಿಂಗ, ದುಡಿಮೆಯ ಪ್ರಶ್ನೆಗಳವರೆಗೆ ಹೋಯಿತು. ಹಾಗೆ ತಿಳಿದುಕೊಂಡದ್ದರ ಸಾರ ಇಲ್ಲಿದೆ.

ಏನಿದು ಎಸಿಸಿ ಟೂರ್ನಿ?

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ 'ಕಾನ್ಫರೆನ್ಸ್' ಅಂದರೆ ಸಭೆಯಲ್ಲ, ಒಂದಷ್ಟು ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಒಕ್ಕೂಟ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ, ಹುಟ್ಟಿದ್ದು 1953ರಲ್ಲಿ. ಮರುವರ್ಷವೇ ರಾಲೀಯಲ್ಲಿ ಮೊದಲ ಟೂರ್ನಿ ನಡೆಯಿತು. ಈಗ ಸದಸ್ಯರು 18. ಹೆಸರಲ್ಲಿ ಅಟ್ಲಾಂಟಿಕ್ ಕರಾವಳಿ ಇದ್ದರೂ 2024ರಿಂದ ಪೆಸಿಫಿಕ್ ಕರಾವಳಿಯ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕೂಡ ಇದರಲ್ಲಿವೆ. ಟಿವಿ ಹಣದ ಮುಂದೆ ಭೂಗೋಳ ಲೆಕ್ಕಕ್ಕಿಲ್ಲ.

ಚಳಿಗಾಲವಿಡೀ ತಂಡಗಳು ಲೀಗ್ ಪಂದ್ಯ ಆಡುತ್ತವೆ. ಮಾರ್ಚ್‌ನಲ್ಲಿ ಆ ಸ್ಥಾನಗಳ ಆಧಾರದ ಮೇಲೆ ನಾಕೌಟ್ ಟೂರ್ನಿ: ಒಂದು ಸೋಲು, ಮನೆಗೆ. ಮೊದಲ ನಾಲ್ಕು ಸ್ಥಾನದವರು ನೇರವಾಗಿ ಗುರುವಾರ ಇಳಿಯುತ್ತಾರೆ. ತಳದವರು ಮಂಗಳವಾರದಿಂದಲೇ ಆಡಬೇಕು. ಗೆದ್ದವರಿಗೆ ರಾಷ್ಟ್ರಮಟ್ಟದ 68 ತಂಡಗಳ ಎನ್‌ಸಿಎಎ ಟೂರ್ನಿಗೆ, ಅಂದರೆ 'ಮಾರ್ಚ್ ಮ್ಯಾಡ್‌ನೆಸ್'ಗೆ, ಯಾರ ಮರ್ಜಿಯೂ ಇಲ್ಲದೆ ನೇರ ಪ್ರವೇಶ. ಉಳಿದವರ ಹಣೆಬರಹ ಬರೆಯೋದು ಆಯ್ಕೆ ಸಮಿತಿ. ಗೆಳೆಯನ ತಂಡ ಆ ವರ್ಷ ಹತ್ತನೇ ಸ್ಥಾನದಲ್ಲಿತ್ತು, ಲೀಗ್‌ನ ಕೊನೆಯ ನಾಲ್ಕೂ ಪಂದ್ಯ ಸೋತಿತ್ತು. ಸಮಿತಿ ಕರೆಯುವ ಸಾಧ್ಯತೆಯೇ ಇರಲಿಲ್ಲ. ಟೂರ್ನಿ ಗೆದ್ದು ಒಳಗೆ ಹೋದ ಹುಡುಗರು ದೇಶದ ಕೊನೆಯ ನಾಲ್ಕರವರೆಗೂ ತಲುಪಿದರು.

ಒಬ್ಬರಿಗೇ ಬಾಗಿಲು

ಮೊದಲ ಎರಡು ದಶಕ ನಿಯಮ ಇನ್ನೂ ಕ್ರೂರವಾಗಿತ್ತು. ಒಂದು ಕಾನ್ಫರೆನ್ಸಿನಿಂದ ಎನ್‌ಸಿಎಎಗೆ ಒಂದೇ ತಂಡ. 1974ರ ಎಸಿಸಿ ಫೈನಲ್‌ನಲ್ಲಿ ಎನ್‌ಸಿ ಸ್ಟೇಟ್ ಹೆಚ್ಚುವರಿ ಸಮಯದಲ್ಲಿ ಮೇರಿಲ್ಯಾಂಡನ್ನು 103–100ರಿಂದ ಮಣಿಸಿ, ಮುಂದೆ ರಾಷ್ಟ್ರ ಚಾಂಪಿಯನ್ ಆಯಿತು. ದೇಶದ ಅತ್ಯುತ್ತಮ ಐದು ತಂಡಗಳಲ್ಲೊಂದಾಗಿದ್ದ ಮೇರಿಲ್ಯಾಂಡ್ ಮೂರು ಅಂಕಕ್ಕೆ ಹೊರಗೇ ಉಳಿಯಿತು. ಈ ಅನ್ಯಾಯ ಎಲ್ಲರ ಕಣ್ಣಿಗೂ ಕುಕ್ಕಿತು. ಮರುವರ್ಷ ಎನ್‌ಸಿಎಎ ತಂಡಗಳ ಸಂಖ್ಯೆಯನ್ನು 32ಕ್ಕೆ ಏರಿಸಿ, ಕಾನ್ಫರೆನ್ಸಿನ ಎರಡನೇ ತಂಡಕ್ಕೂ ಅವಕಾಶ ಕೊಟ್ಟಿತು.

ಬಾಗಿಲು ಮುಚ್ಚಿದ್ದು ತಂಡಗಳಿಗೆ ಮಾತ್ರ ಅಲ್ಲ. ಎಸಿಸಿಯ ಮೊದಲ ಹನ್ನೆರಡು ಟೂರ್ನಿಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. 1965ರಲ್ಲಿ ಮೇರಿಲ್ಯಾಂಡಿನ ಬಿಲ್ಲಿ ಜೋನ್ಸ್ ಆ ಗೋಡೆ ಒಡೆದರು. 1969ರ ಫೈನಲ್‌ನಲ್ಲಿ ಯುಎನ್‌ಸಿಯ ಚಾರ್ಲಿ ಸ್ಕಾಟ್ ಡ್ಯೂಕ್ ವಿರುದ್ಧ 40 ಅಂಕ ಗಳಿಸಿ ಕಪ್ ತಂದುಕೊಟ್ಟರು. ಆದರೂ ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಹೋದದ್ದು ಬಿಳಿಯ ಆಟಗಾರನಿಗೆ. ಮತ ಹಾಕುವ ಕೆಲ ಪತ್ರಕರ್ತರು ಸ್ಕಾಟ್ ಹೆಸರನ್ನು ಅತ್ಯುತ್ತಮ ಐವರ ಪಟ್ಟಿಯಲ್ಲೂ ಬರೆದಿರಲಿಲ್ಲ.

ಮಹಿಳೆಯರ ಆಟ, ಪುರುಷರ ಲೆಕ್ಕ

ಎಸಿಸಿ ಮಹಿಳಾ ಟೂರ್ನಿ 1978ರಿಂದಲೇ ಇದೆ. ಆದರೆ ದುಡ್ಡಿನ ವಿಷಯಕ್ಕೆ ಬನ್ನಿ. ಎನ್‌ಸಿಎಎ ಟೂರ್ನಿಯಲ್ಲಿ ಪುರುಷರ ತಂಡ ಆಡುವ ಒಂದೊಂದು ಪಂದ್ಯಕ್ಕೂ ಅದರ ಕಾನ್ಫರೆನ್ಸಿಗೆ ಆರು ವರ್ಷಗಳಲ್ಲಿ ಸುಮಾರು 20 ಲಕ್ಷ ಡಾಲರ್ ಬರುತ್ತೆ. ಮಹಿಳಾ ತಂಡಗಳ ಗೆಲುವಿಗೆ ಇಂಥ ಪಾಲು ಶುರುವಾಗಿದ್ದು 2025ರಲ್ಲಿ. ಅಲ್ಲಿವರೆಗೆ ಅವರು ಎಷ್ಟು ಗೆದ್ದರೂ ಈ ಲೆಕ್ಕದಲ್ಲಿ ಸೊನ್ನೆ.

ರಾಜಕೀಯ ನೇರವಾಗಿ ಅಂಗಳಕ್ಕೆ ಇಳಿದದ್ದೂ ಮಹಿಳಾ ಟೂರ್ನಿಯಲ್ಲೇ. 2016ರಲ್ಲಿ ಉತ್ತರ ಕೆರೊಲಿನಾ ಸರ್ಕಾರ ಎಚ್‌ಬಿ2 ಕಾನೂನು ತಂದು, ಸರ್ಕಾರಿ ಕಟ್ಟಡಗಳಲ್ಲಿ ಟ್ರಾನ್ಸ್ ಜನರು ಜನನ ಪ್ರಮಾಣಪತ್ರದಲ್ಲಿರುವ ಲಿಂಗದ ಶೌಚಾಲಯವನ್ನೇ ಬಳಸಬೇಕು ಅಂತ ಹೇಳಿತು. ಎಸಿಸಿ ಆ ಋತುವಿನ ತನ್ನ ಟೂರ್ನಿಗಳನ್ನು ರಾಜ್ಯದಿಂದ ಹೊರಗೆ ಒಯ್ದಿತು. ಮಹಿಳಾ ಬಾಸ್ಕೆಟ್‌ಬಾಲ್ ಗ್ರೀನ್ಸ್‌ಬರೊದಿಂದ ದಕ್ಷಿಣ ಕೆರೊಲಿನಾದ ಕಾನ್ವೇಗೆ ಹೋಯಿತು. 2017ರ ಮಾರ್ಚ್‌ನಲ್ಲಿ ಶೌಚಾಲಯದ ಆ ನಿಯಮ ರದ್ದಾಯಿತು. ಆಟವೇ ಕಾನೂನು ಬದಲಿಸಿತು ಅಂತ ನಾನು ಹೇಳಲ್ಲ. ಆದರೆ ಟೂರ್ನಿ ಕಳೆದುಕೊಂಡ ಊರಿನ ಹೋಟೆಲು, ವ್ಯಾಪಾರ ಎಲ್ಲಕ್ಕೂ ಹೊಡೆತ ಬೀಳುತ್ತೆ, ಶಾಸಕರಿಗೆ ಆ ಭಾಷೆ ಬೇಗ ಅರ್ಥವಾಗುತ್ತೆ.

ದುಡಿಯೋರು ಯಾರು, ಉಣ್ಣೋರು ಯಾರು?

ಎನ್‌ಸಿಎಎ ಪುರುಷರ ಟೂರ್ನಿಯ ಪ್ರಸಾರ ಹಕ್ಕು 2032ರವರೆಗಿನ ಎಂಟು ವರ್ಷಕ್ಕೆ 880 ಕೋಟಿ ಡಾಲರಿಗೆ ಮಾರಾಟವಾಗಿದೆ. ಆಡುವವರಿಗೆ ದಶಕಗಳ ಕಾಲ ಸಿಕ್ಕಿದ್ದು ವಿದ್ಯಾರ್ಥಿವೇತನ ಮಾತ್ರ. "ಅವರು ವಿದ್ಯಾರ್ಥಿಗಳು, ನೌಕರರಲ್ಲ" ಅನ್ನೋದು ಸಿದ್ಧ ಉತ್ತರ.

ಈ ಉತ್ತರವನ್ನು ಒಡೆದದ್ದು ಆಟಗಾರರ ಹೋರಾಟ. 2021ರ ಆಲ್ಸ್‌ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 9–0 ಅಂತರದಲ್ಲಿ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ, ಮೊದಲ ವರ್ಷ ಒಂದು ವಿವಿ ತನ್ನೆಲ್ಲ ಕ್ರೀಡಾಪಟುಗಳಿಗೆ ಒಟ್ಟು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಕೊಡಬಹುದು.

ಇಷ್ಟಾದರೂ ಅವರು ಕಾನೂನಿನ ಕಣ್ಣಲ್ಲಿ ನೌಕರರಲ್ಲ. ಬೇರೊಂದು ಕಾನ್ಫರೆನ್ಸಿನ ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗರು 2024ರ ಮಾರ್ಚ್‌ನಲ್ಲಿ 13–2 ಮತಗಳಿಂದ ಕಾರ್ಮಿಕ ಸಂಘ ಕಟ್ಟಲು ತೀರ್ಮಾನಿಸಿದರು. ವರ್ಷದ ಕೊನೆಗೆ ಆ ಅರ್ಜಿಯನ್ನು ವಾಪಸ್ ಪಡೆಯಬೇಕಾಯಿತು. ಈ ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸೋದು ಇದೇ. ಹಣದ ಪಾಲು ಕೊಡೋಕೆ ಒಪ್ಪಿದವರು, ಕೂತು ಮಾತಾಡುವ ಹಕ್ಕು ಕೊಡೋಕೆ ಇನ್ನೂ ಒಪ್ಪಿಲ್ಲ. ಸಂಘವಿಲ್ಲದೆ ಸಿಕ್ಕ ಪಾಲನ್ನು ನಾಳೆ ಯಾರು ಉಳಿಸಿಕೊಡ್ತಾರೆ?

ಈಗ ಬಾಗಿಲು ಎಷ್ಟು ತೆರೆದಿದೆ?

2025ರ ಟೂರ್ನಿಗೆ ಹೊಸ ನಿಯಮ ಬಂತು: 18 ತಂಡಗಳಲ್ಲಿ ಮೊದಲ 15ಕ್ಕೆ ಮಾತ್ರ ಪ್ರವೇಶ. ಹಿಂದಿನ ವರ್ಷದ ಚಾಂಪಿಯನ್ ಎನ್‌ಸಿ ಸ್ಟೇಟ್ 12 ಗೆದ್ದು 19 ಸೋತು, ಆ ಹದಿನೈದರಲ್ಲೂ ಇರಲಿಲ್ಲ. ಕೋಚ್ ಕೆವಿನ್ ಕೀಟ್ಸ್ ಕೆಲಸ ಕಳೆದುಕೊಂಡರು. ತಳದವರಿಗೂ ಒಂದು ವಾರದ ಅವಕಾಶ ಕೊಡೋದೇ ಈ ಟೂರ್ನಿಯ ಸೊಗಸು. ಒಕ್ಕೂಟಕ್ಕೆ ಹಣವಂತ ಸದಸ್ಯರನ್ನು ಸೇರಿಸಿಕೊಂಡು, ಜಾಗ ಸಾಲದು ಅಂತ ಮೂವರನ್ನು ಹೊರಗಿಡೋದು ನನಗಂತೂ ಸರಿ ಕಾಣಲ್ಲ.

ಆ ಮಾರ್ಚ್‌ನಲ್ಲಿ ಗೆಳೆಯನಿಗೆ ನಾನೇ ಫೋನ್ ಮಾಡಿದೆ. "ಈ ಸಲ ಮಂಗಳವಾರನೂ ಇಲ್ಲ ಕಣೋ ನಮಗೆ" ಅಂದ.